ಗಿರಣಿ ಗೋಡೆಯ ಚಿತ್ರಪಟ

1969ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಒಬ್ಬ ಎಲೆಕ್ಟ್ರಿಕಲ್ ಇಂಜಿನಿಯರಿಗೆ ಗೌರವ ಎಂ.ಡಿ. ಪದವಿ ಕೊಟ್ಟಿತು. ವಿಲಿಯಂ ಕೌವೆನ್‌ಹೋವೆನ್ ಅಂತ ಹೆಸರು, ಆಗ ವಯಸ್ಸು 83. ಮನುಷ್ಯ ಮೆಡಿಕಲ್ ಓದಿದವನೇ ಅಲ್ಲ. ಕರೆಂಟು, ವೋಲ್ಟೇಜು, ಕಂಬ, ತಂತಿ ಇವುಗಳ ಜೊತೆಗೇ ಜೀವನ ಕಳೆದವ. ಆದರೆ ಇವತ್ತು ನಾವು ಸಿಪಿಆರ್ ಅಂತ ಕರೆಯುವ ಕೆಲಸದ ಅರ್ಧ ಭಾಗ, ಅಂದರೆ ಎದೆ ಒತ್ತುವ ಭಾಗ, ಇವನ ಪ್ರಯೋಗಾಲಯದಿಂದ ಬಂದದ್ದು. ಬಿಇ ಮಾಡಿ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕುಟ್ಟುವ ನಮ್ಮಂಥವರು ಒಂಚೂರು ಎದೆಯುಬ್ಬಿಸಿಕೊಳ್ಳಬಹುದಾದ ಕಥೆ ಇದು.

ಇಂಜಿನಿಯರಿಗೆ ಹೃದಯದ ಉಸಾಬರಿ ಯಾಕೆ ಬಂತು? ಲೈನ್‌ಮನ್‌ಗಳು ಸಾಯುತ್ತಿದ್ದರು, ಅದಕ್ಕೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಊರೂರಿಗೆ ವಿದ್ಯುತ್ ಹೋಯಿತು, ಅದರ ಹಿಂದೆಯೇ ಕಂಬದ ಮೇಲಿನ ಸಾವುಗಳೂ ಹೋದವು. 1920ರ ದಶಕದ ಕೊನೆಯಲ್ಲಿ ವಿದ್ಯುತ್ ಕಂಪನಿಗಳೇ ದುಡ್ಡು ಕೊಟ್ಟು ಈ ಸಾವಿನ ಕಾರಣ ಹುಡುಕಿ ಎಂದವು. ಹುಡುಕಿದಾಗ ಸ್ಪಷ್ಟವಾದದ್ದು ಇಷ್ಟು: ಶಾಕ್ ಹೊಡೆದಾಗ ಹೃದಯ ಎಷ್ಟೋ ಸಲ ಪೂರ್ತಿ ನಿಲ್ಲುವುದಿಲ್ಲ, ತಾಳ ತಪ್ಪುತ್ತದೆ. ಯಕ್ಷಗಾನದಲ್ಲಿ ಭಾಗವತರು ಒಂದು ತಾಳ, ಮದ್ದಳೆಯವರು ಇನ್ನೊಂದು, ಚಂಡೆಯವರು ಮತ್ತೊಂದು ಹಿಡಿದರೆ ಹೇಗಿರುತ್ತದೋ ಹಾಗೆ. ಸದ್ದು ಇದೆ, ಕುಣಿತ ಇಲ್ಲ. ಸ್ನಾಯುಗಳು ನಡುಗುತ್ತಿರುತ್ತವೆ, ರಕ್ತ ಮಾತ್ರ ಮುಂದೆ ಹೋಗುವುದಿಲ್ಲ. ಇದಕ್ಕೆ ಮದ್ದು ಇನ್ನೊಂದು ಶಾಕ್. ಎಲ್ಲರನ್ನೂ ಒಮ್ಮೆ ಸುಮ್ಮನಾಗಿಸಿ ಮೊದಲಿಂದ ಶುರು ಮಾಡಿಸುವುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ರೀಸ್ಟಾರ್ಟ್.

1957ರ ಹೊತ್ತಿಗೆ ಕೌವೆನ್‌ಹೋವೆನ್ ತಂಡದ ಹತ್ತಿರ ಎದೆ ಸೀಳದೆ ಹೊರಗಿನಿಂದಲೇ ಶಾಕ್ ಕೊಡುವ ಯಂತ್ರ ಇತ್ತು. ಅಲ್ಲಿ ಗಯ್ ನಿಕರ್‌ಬಾಕರ್ ಎಂಬ ತರುಣ ಇಂಜಿನಿಯರ್ ನಾಯಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ. 1958ರಲ್ಲಿ ಅವನ ಕಣ್ಣಿಗೊಂದು ವಿಚಿತ್ರ ಬಿತ್ತು. ಯಂತ್ರದ ಭಾರವಾದ ಹಿಡಿಗಳನ್ನು ನಾಯಿಯ ಎದೆಗೆ ಗಟ್ಟಿಯಾಗಿ ಒತ್ತಿದಾಗ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡದ ಗೆರೆ ಸ್ವಲ್ಪ ಮೇಲೆ ಹಾರುತ್ತಿತ್ತು. ಬೇರೆಯವರಾದರೆ ‘ಏನೋ ನಾಯ್ಸ್’ ಅಂತ ಬಿಡುತ್ತಿದ್ದರು. ಇವನು ಬಿಡಲಿಲ್ಲ. ಒತ್ತಿದರೆ ರಕ್ತ ಚಲಿಸುತ್ತದೆ ಅಂದ ಮೇಲೆ ಮತ್ತೆ ಮತ್ತೆ ಒತ್ತಿದರೆ? ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆ ಸೇರಿದ. ಎಲ್ಲಿ ಒತ್ತಬೇಕು, ಎಷ್ಟು ಆಳ, ಎಷ್ಟು ವೇಗ ಎಂದು ಒಂದೊಂದೇ ಅಳೆದರು. 1959ರಲ್ಲಿ ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗ ಹೃದಯ ನಿಂತ ಒಬ್ಬ ಮಹಿಳೆಗೆ ಜೂಡ್ ಎದೆ ಕುಯ್ಯದೆ ಬರಿಗೈಯಲ್ಲಿ ಒತ್ತಿದರು, ಆಕೆ ಬದುಕಿದಳು. 1960ರ ಜುಲೈ 9ರಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಮೂವರ ಲೇಖನ ಬಂತು. 20 ರೋಗಿಗಳಲ್ಲಿ 14 ಮಂದಿ ಉಳಿದಿದ್ದರು. ಲೇಖನದ ಸಾರ ಇಷ್ಟೇ: ಯಾರು ಬೇಕಾದರೂ, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು, ಎರಡು ಕೈ ಇದ್ದರೆ ಸಾಕು.

ಇದು ಪೂರ್ತಿ ಹೊಸದೂ ಆಗಿರಲಿಲ್ಲ. ಜರ್ಮನಿಯ ಗಾಟಿಂಗೆನ್ನಿನಲ್ಲಿ ಫ್ರೆಡ್ರಿಕ್ ಮಾಸ್ ಎಂಬ ವೈದ್ಯ 1891ರಲ್ಲೇ, ಕ್ಲೋರೋಫಾರ್ಮ್‌ನಿಂದ ಹೃದಯ ನಿಂತವರಿಗೆ ಎದೆ ಒತ್ತಿ ಬದುಕಿಸಿದ್ದ, ಮುಂದಿನ ವರ್ಷ ಬರೆದೂ ಇದ್ದ. ಜಗತ್ತು ಮರೆತುಬಿಟ್ಟಿತು. ಆಮೇಲೆ ಸುಮಾರು ಎಪ್ಪತ್ತು ವರ್ಷ ಹೃದಯ ನಿಂತರೆ ಡಾಕ್ಟರುಗಳು ಎದೆಯನ್ನೇ ಸೀಳಿ ಹೃದಯವನ್ನು ಕೈಯಲ್ಲಿ ಹಿಡಿದು ಹಿಸುಕುತ್ತಿದ್ದರು. ಆಪರೇಷನ್ ಟೇಬಲ್ ಮೇಲಿದ್ದವನಿಗೆ ಅದಾದರೂ ಸಿಕ್ಕೀತು. ಗದ್ದೆಯ ಹಾಳಿಯ ಮೇಲೆ ಬಿದ್ದವನಿಗೆ?

ಉಸಿರು ಊದುವ ಭಾಗದ ಕಥೆ ಇನ್ನೂ ಹಳೆಯದು, ಇನ್ನೂ ಮಜವಾದದ್ದು. 1732ರಲ್ಲಿ ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯಿಂದ ಹೊರತೆಗೆದ ಕಾರ್ಮಿಕನೊಬ್ಬನಿಗೆ ವಿಲಿಯಂ ಟೊಸಾಕ್ ಎಂಬ ಸರ್ಜನ್ ಬಾಯಿಗೆ ಬಾಯಿಯಿಟ್ಟು ಊದಿ ಬದುಕಿಸಿದ. 1740ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ನೀರಲ್ಲಿ ಮುಳುಗಿದವರಿಗೆ ಇದೇ ಉಪಾಯ ಮಾಡಿ ಎಂದಿತು. 1767ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುಳುಗಿದವರನ್ನು ಉಳಿಸಲೆಂದೇ ಒಂದು ಸಂಘ ಹುಟ್ಟಿತು. ಊರ ತುಂಬ ಕಾಲುವೆ, ಬೀಳುವವರಿಗೆ ಬರವಿಲ್ಲ. 1774ರಲ್ಲಿ ಲಂಡನ್ನಿನಲ್ಲೂ ಅಂಥದ್ದೇ ಶುರುವಾಯಿತು. ಅವರ ಪಟ್ಟಿಯಲ್ಲಿ ಮೈ ಬೆಚ್ಚಗಿಡುವುದು ಇತ್ತು, ಊದುವುದು ಇತ್ತು, ಜೊತೆಗೆ ಹಿಂಬದಿಯಿಂದ ತಂಬಾಕಿನ ಹೊಗೆ ಬಿಡುವುದೂ ಇತ್ತು. ಅದಕ್ಕೆಂದೇ ಮಾಡಿದ ತಿದಿಯನ್ನು ಥೇಮ್ಸ್ ನದಿಯ ದಂಡೆಯಲ್ಲಿ ಇಟ್ಟಿರುತ್ತಿದ್ದರು.

ನಗಬೇಡಿ. ನಮ್ಮ ಕಡೆ ಸಿಡಿಲು ಬಡಿದವರಿಗೆ ಸಗಣಿ ಮೆತ್ತುವುದು, ಶಾಕ್ ಹೊಡೆದವರನ್ನು ಮಣ್ಣಲ್ಲಿ ಹುಗಿಯುವುದು, ಹೊಳೆಯಿಂದ ಎತ್ತಿದವರನ್ನು ತಲೆಕೆಳಗು ಮಾಡಿ ಹೊಟ್ಟೆ ಅಮುಕುವುದು ನಿನ್ನೆ ಮೊನ್ನೆಯವರೆಗೂ ಇತ್ತು, ಕೆಲವು ಕಡೆ ಇನ್ನೂ ಇದೆ. ಅಲ್ಲೂ ಇಲ್ಲೂ ಉದ್ದೇಶ ಒಂದೇ. ಕಣ್ಣೆದುರು ಒಂದು ಜೀವ ಹೋಗುತ್ತಿರುವಾಗ ಕೈ ಕಟ್ಟಿ ಕೂರಲು ಮನುಷ್ಯನಿಂದ ಆಗುವುದಿಲ್ಲ. ಏನಾದರೂ ಮಾಡಬೇಕು. ಆ ‘ಏನಾದರೂ’ ಯಾವುದು ಅಂತ ಗೊತ್ತಿಲ್ಲದಿರುವುದೇ ತೊಂದರೆ.

ಹತ್ತೊಂಬತ್ತನೇ ಶತಮಾನ ಬಂತು, ಬಾಯಿಗೆ ಬಾಯಿ ಇಡುವುದು ಅಸಹ್ಯ ಅನ್ನಿಸತೊಡಗಿತು. ಬದಲಿಗೆ ಮೈ ಒತ್ತಿ, ಕೈ ಎತ್ತಿ ಉಸಿರಾಡಿಸುವ ವಿಧಾನಗಳು ಬಂದವು. 1858ರಲ್ಲಿ ಇಂಗ್ಲೆಂಡಿನ ಸಿಲ್ವೆಸ್ಟರ್, ಅಂಗಾತ ಮಲಗಿಸಿ ತೋಳುಗಳನ್ನು ತಲೆಯ ಮೇಲಕ್ಕೆ ಎಳೆದು ಮತ್ತೆ ಎದೆಗೆ ಒತ್ತುವುದನ್ನು ಹೇಳಿದ. 1903ರಲ್ಲಿ ಎಡಿನ್‌ಬರೋದ ಶೇಫರ್, ಕವುಚಿ ಮಲಗಿಸಿ ಬೆನ್ನು ಒತ್ತಿ ಅಂದ. 1932ರಲ್ಲಿ ಡೆನ್ಮಾರ್ಕಿನ ಸೇನಾಧಿಕಾರಿ ಹೋಲ್ಗರ್ ನೀಲ್ಸನ್, ಬೆನ್ನನ್ನೂ ಒತ್ತಿ ಮೊಣಕೈಯನ್ನೂ ಎತ್ತಿ ಅಂದ.

ಈ ಹೆಸರುಗಳನ್ನು ನಾನು ಯಾವುದೋ ದಪ್ಪ ಪುಸ್ತಕದಲ್ಲಿ ಮೊದಲು ನೋಡಿದ್ದಲ್ಲ. ವಾನಳ್ಳಿ ಕಡೆಯ ಒಂದು ಅಕ್ಕಿ ಗಿರಣಿಯ ಗೋಡೆಯ ಮೇಲೆ ನೋಡಿದ್ದು. ಭತ್ತ ಕೊಟ್ಟು ಅಕ್ಕಿಯಾಗುವವರೆಗೆ ಕಾಯುವ ಮಕ್ಕಳಿಗೆ ನೋಡಲು ಇದ್ದದ್ದು ಅದೊಂದೇ ಪಟ. ಒಬ್ಬ ಕವುಚಿ ಮಲಗಿದ್ದಾನೆ, ಇನ್ನೊಬ್ಬ ಅವನ ಮೇಲೆ ಮಂಡಿಯೂರಿ ಬೆನ್ನು ಒತ್ತುತ್ತಿದ್ದಾನೆ. ತೌಡಿನ ಧೂಳು ಕೂತು ಅಕ್ಷರ ಅರ್ಧ ಮುಚ್ಚಿಹೋಗಿತ್ತು. ನಮಗೆ ಅದು ಕುದುರೆಯಾಟದ ಚಿತ್ರ. ಮುಂದೆ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿಗೆ ಕಾಲಿಟ್ಟರೆ ಅಲ್ಲೂ ಅದೇ ಪಟ, ಗಾಜು ಹಾಕಿಸಿದ್ದು. ಅದೇ ಇಬ್ಬರು, ಅದೇ ಭಂಗಿ.

ಪಟ ಎಲ್ಲ ಕಡೆ ಇರುವುದಕ್ಕೆ ಕಾರಣ ಕಾನೂನು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 44ನೆಯದು ಇದೇ: ವಿದ್ಯುತ್ ಉತ್ಪಾದನಾ ಕೇಂದ್ರ, ಸಬ್‌ಸ್ಟೇಷನ್, ಕಾರ್ಖಾನೆಗಳಲ್ಲಿ ಶಾಕ್ ತಗುಲಿದವರನ್ನು ಚೇತರಿಸುವ ಸೂಚನೆಗಳನ್ನು ಎದ್ದು ಕಾಣುವ ಜಾಗದಲ್ಲಿ, ಆ ಜಿಲ್ಲೆಯ ಭಾಷೆಯಲ್ಲೂ ತೂಗುಹಾಕಬೇಕು. ಅಷ್ಟೇ ಅಲ್ಲ, ಅಲ್ಲಿ ಕೆಲಸ ಮಾಡುವ ಅಧಿಕೃತ ಸಿಬ್ಬಂದಿಗೆ ಆ ಸೂಚನೆಯಂತೆ ಮಾಡಲು ಬರುವಂತೆಯೂ ಮಾಲೀಕರು ನೋಡಿಕೊಳ್ಳಬೇಕು. ನಮ್ಮ ನಾಡಿಗೆ ಈ ವಿಷಯ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ತಂತಿ ಎಳೆದವರು ನಾವು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿದವರು. ತಂತಿ ಬಂದಲ್ಲಿ ಶಾಕ್ ಬಂತು, ಶಾಕ್ ಬಂದಲ್ಲಿ ಪಟ ಬಂತು.

ಪಟ ತೂಗುಹಾಕಿದ ಮೇಲೆ ವಿಜ್ಞಾನ ಬದಲಾಯಿತು. ನಿಯಮ ಬಂದ 1956ರಲ್ಲೇ ಅಮೆರಿಕದಲ್ಲಿ ಜೇಮ್ಸ್ ಇಲಾಮ್ ಮತ್ತು ಪೀಟರ್ ಸಾಫರ್ ಎಂಬ ಇಬ್ಬರು ಅರಿವಳಿಕೆ ವೈದ್ಯರು ಒಂದು ಸಮ್ಮೇಳನದಲ್ಲಿ ಭೇಟಿಯಾಗಿ, ವಾಪಸ್ ಒಂದೇ ಕಾರಿನಲ್ಲಿ ಬಂದರು. ನಾವು ಹೊರಗೆ ಬಿಟ್ಟ ಉಸಿರಲ್ಲೂ ಸುಮಾರು 16-17 ಶೇಕಡಾ ಆಮ್ಲಜನಕ ಉಳಿದಿರುತ್ತದೆ, ಇನ್ನೊಬ್ಬರನ್ನು ಬದುಕಿಸಲು ಅಷ್ಟು ಸಾಕು ಅಂತ ಇಲಾಮ್ ತೋರಿಸಿಯಾಗಿತ್ತು. ಸಾಫರ್ ಬಾಲ್ಟಿಮೋರ್‌ನ ಆಸ್ಪತ್ರೆಯಲ್ಲಿ ಇನ್ನೂ ಮುಂದೆ ಹೋದ. ವೈದ್ಯರು, ವೈದ್ಯ ವಿದ್ಯಾರ್ಥಿಗಳು ತಾವಾಗಿ ಮುಂದೆ ಬಂದು ಮಲಗಿದರು. ಅವರಿಗೆ ಸ್ನಾಯು ಕೆಲಸ ಮಾಡದಂತೆ ಔಷಧಿ ಕೊಟ್ಟು ಉಸಿರು ನಿಲ್ಲಿಸಿ, ಸಾಮಾನ್ಯ ಜನರಿಂದ, ಸ್ಕೌಟ್ ಹುಡುಗರಿಂದಲೂ ಬಾಯಿಂದ ಬಾಯಿಗೆ ಊದಿಸಿದ! ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬೆನ್ನು ಒತ್ತುವ, ಕೈ ಎತ್ತುವ ಹಳೇ ವಿಧಾನಗಳಲ್ಲಿ ನಾಲಿಗೆ ಗಂಟಲಿಗೆ ಅಡ್ಡ ಬಿದ್ದು ಎಷ್ಟೋ ಸಲ ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಊದಿದರೆ ಎದೆ ಉಬ್ಬುತ್ತಿತ್ತು. 1958ರಲ್ಲಿ ಇದು ಪ್ರಕಟವಾಯಿತು. 1960ರಲ್ಲಿ ಇಂಜಿನಿಯರುಗಳ ಒತ್ತುವಿಕೆ ಮತ್ತು ಸಾಫರನ ಊದುವಿಕೆ ಒಟ್ಟು ಸೇರಿ ಸಿಪಿಆರ್ ಆಯಿತು. ಅದೇ ವರ್ಷ ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಎಂಬ ಗೊಂಬೆ ತಯಾರಕ ಅಭ್ಯಾಸಕ್ಕೆ ಬೇಕಾದ ಆಳೆತ್ತರದ ಗೊಂಬೆಯನ್ನೂ ತಯಾರಿಸಿ ಕೊಟ್ಟ. ನೀರಿಗೆ ಬಿದ್ದ ತನ್ನ ಪುಟ್ಟ ಮಗನನ್ನು ಹಿಂದೊಮ್ಮೆ ಎತ್ತಿ ಉಳಿಸಿಕೊಂಡಿದ್ದ ಅಪ್ಪ ಅವನು.

ಅಂದರೆ ನಾನು ಗಿರಣಿಯಲ್ಲಿ ನೋಡುವ ಹೊತ್ತಿಗೆ ಆ ಪಟದ ವಿಷಯ ಹಳತಾಗಿ ಮೂರು ದಶಕ ಕಳೆದಿತ್ತು. ಕಾಗದ ಇರಬೇಕು ಅನ್ನುವ ನಿಯಮ ಪಾಲನೆಯಾಗಿತ್ತು. ಅದರಲ್ಲೇನಿದೆ ಅಂತ ಯಾರೂ ತಿರುಗಿ ನೋಡಿರಲಿಲ್ಲ. ಸಾಫ್ಟ್‌ವೇರಿನವರಿಗೆ ಇದು ಚೆನ್ನಾಗಿ ಅರ್ಥವಾದೀತು: ಪ್ರೊಡಕ್ಷನ್‌ನಲ್ಲಿ ಹಳೇ ವರ್ಷನ್ ಓಡುತ್ತಲೇ ಇದೆ, ಅಪ್‌ಡೇಟ್ ಮಾಡುವುದು ಯಾರ ಕೆಲಸವೂ ಅಲ್ಲ.

ಇದು ಬರೀ ಗೋಡೆಯ ಮೇಲಿನ ಮಾತಲ್ಲ. ನಮ್ಮ ಸೀಮೆಯಲ್ಲಿ ಕರೆಂಟಿಗೂ ಅಡಿಕೆ ತೋಟಕ್ಕೂ ಹಳೇ ದ್ವೇಷ. ತೋಟದ ಮೇಲೆ ತಂತಿ ಹಾದಿರುತ್ತದೆ, ಕೊನೆಗೌಡನ ಕೈಯಲ್ಲಿ ಉದ್ದದ ದೋಟಿ. ಬಿದಿರಿನದಾದರೆ ಹೇಗೋ, ಈಗ ಅಲ್ಯೂಮಿನಿಯಂ ದೋಟಿಗಳು ಬಂದಿವೆ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಪಕ್ಕದ ಕೇರಿಯಲ್ಲಿ ಹೀಗೇ ಒಬ್ಬ ಹೋದ. ಇನ್ನೂ ಮೂವತ್ತು ದಾಟದವ. ಫೋನಿನಲ್ಲಿ ಅಪ್ಪಚ್ಚಿ ಹೇಳಿದ್ದು ಇಷ್ಟು: "ನೀರು ಚಿಮಕ್ಸಿದ್ಯ, ಕೈಕಾಲು ತಿಕ್ಕಿದ್ಯ, ಇನ್ನೆಂತ ಮಾಡದು ಹೇಳಿ ಯಾರಿಗೂ ಗೊತ್ತಿತ್ತಿಲ್ಲೆ ತಮಾ." ಸುತ್ತ ಹತ್ತಾರು ಜನ. ಎಲ್ಲರೂ ದಿನವಿಡೀ ಮೈಮುರಿದು ದುಡಿಯುವವರು, ಗಟ್ಟಿ ಕೈಗಳು. ಜೀಪು ಶಿರಸಿ ಮುಟ್ಟುವ ಹೊತ್ತಿಗೆ ಮುಗಿದುಹೋಗಿತ್ತು. ಎದೆ ಒತ್ತಿದ್ದರೆ ಬದುಕುತ್ತಿದ್ದ ಅಂತ ಖಾತ್ರಿಯಾಗಿ ಯಾರೂ ಹೇಳಲಾರರು. ಆದರೆ ಈ ವಿದ್ಯೆ ಹುಟ್ಟಿದ್ದೇ ಇಂಥವನಿಗಾಗಿ ಅಲ್ವಾ? ಕರೆಂಟು ಹೊಡೆದ, ಮೊದಲು ಯಾವ ರೋಗವೂ ಇಲ್ಲದ, ಗಟ್ಟಿ ಹೃದಯದ ಹುಡುಗನಿಗಾಗಿ.

ಲೆಕ್ಕ ಸರಳ. ಹೃದಯ ನಿಂತು ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಶುರು. ಯಾರೂ ಏನೂ ಮಾಡದಿದ್ದರೆ ಬದುಕುವ ಅವಕಾಶ ನಿಮಿಷಕ್ಕೆ 7ರಿಂದ 10 ಶೇಕಡಾದಷ್ಟು ಇಳಿಯುತ್ತ ಹೋಗುತ್ತದೆ. ಈಗ ನಮ್ಮ ಭೂಗೋಳ ನೋಡಿ. ವಾನಳ್ಳಿ ಕಡೆಯ ಮನೆಗಳು ಒಂದೊಂದು ಒಂದೊಂದು ಕಣಿವೆಯಲ್ಲಿ. ಮಳೆಗಾಲದ ರಾತ್ರಿ ತಿರುವು ರಸ್ತೆಯಲ್ಲಿ ಶಿರಸಿ ಸೇರಲು ಒಂದು ತಾಸು ಅಂತಲೇ ಇಟ್ಟುಕೊಳ್ಳಬೇಕು, ಕಾಲುಸಂಕದಾಚೆ ಮನೆಯಾದರೆ ರಸ್ತೆಗೆ ಬರುವುದೇ ಒಂದು ಸಾಹಸ. 108 ಆಂಬುಲೆನ್ಸ್ 2008ರಲ್ಲಿ ಕರ್ನಾಟಕಕ್ಕೆ ಬಂತು, ಎಷ್ಟೋ ಜೀವ ಉಳಿಸಿದೆ. ಆದರೆ ಯಾವ ಆಂಬುಲೆನ್ಸೂ ನಾಲ್ಕು ನಿಮಿಷದಲ್ಲಿ ಈ ಘಟ್ಟ ಹತ್ತಿ ಬರಲಾರದು. ದೊಡ್ಡ ಚಿಕಿತ್ಸೆ ಬೇಕೆಂದರೆ ಹುಬ್ಬಳ್ಳಿ, ಇಲ್ಲ ಮಣಿಪಾಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ಒಳಗಿದ್ದವರ ಪ್ರಾಣ ಹೋದಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಉತ್ತರ ಕನ್ನಡದವರೆಲ್ಲ ಕೂಗಿದ್ದು ನಿಮಗೂ ನೆನಪಿರಬಹುದು. ಸೂಪಾ, ಕೊಡಸಳ್ಳಿ, ಕದ್ರಾ ಅಂತ ಕಾಳಿ ನದಿಗೆ ಅಣೆಕಟ್ಟು ಕಟ್ಟಿಸಿಕೊಂಡು ನಾಡಿಗೆ ಕರೆಂಟು ಕೊಟ್ಟ ಜಿಲ್ಲೆ ಕೇಳಿದ್ದು ಒಂದು ಆಸ್ಪತ್ರೆ. ಅದು ನ್ಯಾಯವಾದ ಬೇಡಿಕೆ, ಬಿಡಬಾರದು. ಆದರೆ ನಾಳೆಯೇ ಆಸ್ಪತ್ರೆ ಎದ್ದು ನಿಂತರೂ ಮೊದಲ ನಾಲ್ಕು ನಿಮಿಷ ಮಾತ್ರ ಪಕ್ಕದಲ್ಲಿದ್ದವರದ್ದೇ.

ಸಿಟಿಯಲ್ಲಿ ಇರುವ ನಮಗೆ ಇದು 2021ರ ಅಕ್ಟೋಬರ್ 29ರಂದು ತಟ್ಟಿತು. ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ಹೋದ ದಿನ. ಆಮೇಲಿನ ವಾರಗಳಲ್ಲಿ ಹೃದಯ ತಪಾಸಣೆಗೆ ಎಷ್ಟು ಜನ ಸಾಲು ನಿಂತರು! 2023ರಲ್ಲಿ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್, ಜನ ಸೇರುವ ಜಾಗಗಳಲ್ಲಿ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲ ಅದರ ಮಾತು. ಒಳ್ಳೇದೇ. ಆದರೆ ಎಇಡಿ ಬರುವವರೆಗೆ ರಕ್ತ ಹರಿಯುತ್ತಿರಬೇಕಲ್ಲ. ಚೆನ್ನಾಗಿ ಒತ್ತಿದರೂ ಸಿಗುವುದು ಮಾಮೂಲಿ ಹರಿವಿನ ಕಾಲು ಭಾಗದಿಂದ ಮೂರನೇ ಒಂದು ಭಾಗ. ಮಿದುಳನ್ನು ಕಾಯ್ದಿಡಲು ಆ ಅಷ್ಟೇ ಆಧಾರ.

ಇನ್ನು ಬಾಯಿಯ ವಿಷಯ. ನೇರವಾಗಿ ಹೇಳಿಬಿಡೋಣ. ಯಾರ ಲೋಟದಲ್ಲಿ ಯಾರು ಕುಡಿಯಬಹುದು ಅನ್ನುವುದಕ್ಕೇ ನೂರು ಕಟ್ಟಳೆ ಇದ್ದ ನೆಲ ನಮ್ಮದು. ಮಡಿ, ಎಂಜಲು, ಜಾತಿ ಎಲ್ಲ ದಾಟಿ ಇನ್ನೊಬ್ಬನ ಬಾಯಿಗೆ ಬಾಯಿ ಇಡು ಅಂದರೆ ಎಷ್ಟು ಜನ ಮುಂದೆ ಬಂದಾರು? ಸಿಟಿಯವರಿಗೆ ಜಾತಿಯ ಬದಲು ಸೋಂಕಿನ ಹೆದರಿಕೆ. ಹೆಣ್ಣುಮಕ್ಕಳ ಎದೆ ಮುಟ್ಟಲು ಇನ್ನೊಂದು ಹಿಂಜರಿಕೆ. ದಾರಿಯಲ್ಲಿ ಬಿದ್ದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಲ ಸಿಪಿಆರ್ ಸಿಗುತ್ತದೆ ಎಂದು ಅಮೆರಿಕದ ಅಧ್ಯಯನವೇ ಹೇಳಿದೆ, ಹಾಗಾಗಿ ಇದು ನಮ್ಮದೊಂದೇ ಖಾಯಿಲೆಯಲ್ಲ. 2017ರಲ್ಲಿ ಭಾರತದ ಅರಿವಳಿಕೆ ತಜ್ಞರ ಸಂಘ ಜನಸಾಮಾನ್ಯರಿಗೆಂದು ಮಾಡಿದ ಸೂಚನೆಯಲ್ಲಿ ಊದುವುದನ್ನೇ ಬಿಟ್ಟು ಒತ್ತುವುದನ್ನಷ್ಟೇ ಇಟ್ಟಿತು. ದೊಡ್ಡವರು ಕಣ್ಣೆದುರೇ ಕುಸಿದರೆ ರಕ್ತದಲ್ಲಿ ಇನ್ನೂ ಸ್ವಲ್ಪ ಆಮ್ಲಜನಕ ಉಳಿದಿರುತ್ತದೆ, ಅದನ್ನು ತಳ್ಳಿದರೆ ಮೊದಲ ನಿಮಿಷಗಳಿಗೆ ಸಾಕು.

ಆದರೆ ಹೊಳೆಯಿಂದ ಎತ್ತಿದವರಿಗೆ, ಪುಟ್ಟ ಮಕ್ಕಳಿಗೆ ಇದು ಸಾಲದು. ಅಲ್ಲಿ ಮೊದಲು ನಿಂತದ್ದು ಉಸಿರು, ರಕ್ತದಲ್ಲಿ ಆಮ್ಲಜನಕವೇ ಖಾಲಿ. ಖಾಲಿ ರಕ್ತ ತಳ್ಳಿ ಏನು ಪ್ರಯೋಜನ? ಊದಲೇಬೇಕು. ವೀಕೆಂಡ್ ಬಂತೆಂದರೆ ಸಾತೊಡ್ಡಿ, ಮಾಗೋಡು, ಸಹಸ್ರಲಿಂಗ ಅಂತ ನಮ್ಮ ಕಡೆ ಕಾರು ಓಡಿಸಿಕೊಂಡು ಬರುವ ಗೆಳೆಯರಿಗೆ ಅದಕ್ಕೇ ಈ ಮಾತು. ಜಲಪಾತದ ಬುಡದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಡಾಕ್ಟರೂ ಇರುವುದಿಲ್ಲ. ನಿಮ್ಮ ಗುಂಪೇ ಎಲ್ಲ.

ಮಾಡಬೇಕಾದ್ದು ಇಷ್ಟು. ಕರೆಂಟಾದರೆ ಮೊದಲು ಮೇನ್ ಆಫ್ ಮಾಡಬೇಕು, ಮೇಲಿನ ಲೈನಾದರೆ ಸರಬರಾಜು ನಿಲ್ಲುವವರೆಗೆ ಹತ್ತಿರ ಹೋಗಬಾರದು. ಆಮೇಲೆ ಭುಜ ತಟ್ಟಿ ಕೂಗಿ. ಮಾತಿಲ್ಲ, ಸರಿಯಾದ ಉಸಿರಿಲ್ಲ ಅಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಬಿಕ್ಕಿದಂತೆ ಮಾಡುವುದು ಉಸಿರಾಟ ಅಲ್ಲ. ಒಬ್ಬರು 108ಕ್ಕೆ ಫೋನು ಮಾಡಿ, ಒಬ್ಬರು ಶುರು ಮಾಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ ಮೈಭಾರ ಹಾಕಿ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಕಲಿತವರು 30 ಸಲ ಒತ್ತಿ 2 ಸಲ ಊದಬೇಕು: ತಲೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಎದೆ ಉಬ್ಬುವಷ್ಟು. ನೀರಲ್ಲಿ ಮುಳುಗಿದವರಿಗೆ ಊದುವುದರಿಂದಲೇ ಶುರು, ಹೊಟ್ಟೆ ಅಮುಕಿ ನೀರು ತೆಗೆಯುತ್ತ ಕೂರುವಂತಿಲ್ಲ. ಎರಡು ನಿಮಿಷಕ್ಕೆ ಯಾರಿಗಾದರೂ ಸುಸ್ತಾಗುತ್ತದೆ, ಆಳು ಬದಲಾಯಿಸಿ. ಪಕ್ಕೆಲುಬು ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ.

ಪೊಲೀಸು, ಕೋರ್ಟು ಅಂತ ಹೆದರುವವರಿಗೆ: ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿದೆ. ಒಳ್ಳೇ ಮನಸ್ಸಿಂದ ನೆರವಾಗುವವರ ರಕ್ಷಣೆಗೆ ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿದೆ.

ಆದರೆ ಓದಿದರೆ ಈಜು ಬರುವುದಿಲ್ಲ, ಇದೂ ಹಾಗೇ. ಗೊಂಬೆಯ ಮೇಲೆ ಒಂದರ್ಧ ತಾಸು ಬೆವರು ಸುರಿಸಬೇಕು. ನಮ್ಮ ಆಫೀಸುಗಳಲ್ಲಿ ಫೈರ್ ಡ್ರಿಲ್ ಮಾಡುತ್ತಾರೆ, ಎಚ್‌ಆರ್‌ಗೆ ಒಂದು ಮೇಲ್ ಹಾಕಿದರೆ ಇದನ್ನೂ ಮಾಡಿಸಬಹುದು. ಊರಿಗೆ ದೀಪಾವಳಿಗೋ ತೇರಿಗೋ ಹೋದಾಗ ಸೊಸೈಟಿಯ ಹಾಲ್‌ನಲ್ಲಿ ಹತ್ತು ಜನರನ್ನು ಕೂಡಿಸಬಹುದು. ಕೊನೆಗೌಡರು, ಲೈನ್‌ಮನ್, ಆಶಾ ಕಾರ್ಯಕರ್ತೆ, ಶಾಲೆಯ ಮಾಸ್ತರು, ಜೀಪಿನ ಡ್ರೈವರು ಮುಂದಿನ ಸಾಲಿನಲ್ಲಿ ಕೂರಲಿ. ಕೌವೆನ್‌ಹೋವೆನ್‌ಗೆ ಮೂವತ್ತು ವರ್ಷ ಹಿಡಿದ ವಿದ್ಯೆ ಅವರಿಗೆ ಒಂದು ಕವಳ ಹಾಕಿ ಮುಗಿಸುವ ಹೊತ್ತಿನಲ್ಲಿ ತಿಳಿಯುತ್ತದೆ. ಹಾಗೇ ಗಿರಣಿ, ಸಬ್‌ಸ್ಟೇಷನ್ನುಗಳ ಗೋಡೆಯ ಮೇಲೆ ಆ ಹಳೇ ಪಟ ಇನ್ನೂ ಇದ್ದರೆ, ಇಳಿಸಿ ಹೊಸದು ಹಾಕಿಸಿ ಅಂತ ಒಂದು ಮಾತು ಹೇಳಿ ಬನ್ನಿ.